ದುಂಡತ್ತೆಯ ಹತ್ತಿ

ಸಭಾಂಗಣದ ವೇದಿಕೆಯ ಕೆಳಗೆ ಟೈಲರಮ್ಮನ ಕೋಣೆ. ಗೋಡೆಯ ಮೇಲ್ತುದಿಯಲ್ಲಿ ಒಂದೇ ಒಂದು ಉದ್ದ ಕಿಟಕಿ. ಅದರಲ್ಲಿ ಕಾಣುವುದು ಅಂಗಳದಲ್ಲಿ ಓಡಾಡುವವರ ಪಾದಗಳು ಮಾತ್ರ. ವಿಶ್ವವಿದ್ಯಾಲಯದ ದೊಡ್ಡ ದೊಡ್ಡವರನ್ನೆಲ್ಲ ಅವಳು ಬೂಟು ಚಪ್ಪಲಿಗಳಿಂದಲೇ ಗುರುತು ಹಿಡಿಯುತ್ತಿದ್ದಳು. ಯಾರ ಪ್ಯಾಂಟಿನ ಮಡಿಕೆ ಬಿಚ್ಚಿದೆ, ಯಾರ ಲಂಗದ ಅಂಚು ಜೋತುಬಿದ್ದಿದೆ ಎಂಬುದು ಅವರಿಗಿಂತ ಮೊದಲು ಅವಳಿಗೆ ಗೊತ್ತು. ಬೇರೆಯವರ ಮೈಮೇಲಿನ ಹೆಚ್ಚುಕಡಿಮೆ ಕಂಡುಹಿಡಿಯುವುದೇ ಅವಳ ಕಸುಬು. ಆ ಕಣ್ಣನ್ನು ಸಂಜೆ ಅಲ್ಲೇ ಕಳಚಿಟ್ಟು ಮನೆಗೆ ಹೋಗುವುದನ್ನು ಮಾತ್ರ ಅವಳು ಕಲಿತಿರಲಿಲ್ಲ.

ವರ್ಷಕ್ಕೊಮ್ಮೆ ಆ ಕೋಣೆಗೆ ಹಬ್ಬದ ಗದ್ದಲ. ವಿದ್ಯಾರ್ಥಿಗಳೇ ಬರೆದು, ವಿದ್ಯಾರ್ಥಿಗಳೇ ರಾಗ ಹಾಕಿ, ಹಾಡಿ ಕುಣಿದು ನಗಿಸುವ ನಾಟಕಕ್ಕೆ ಅಲ್ಲಿ ‘ನಗೆಯಾಟ’ ಎಂದು ಹೆಸರು. ಅದು ಯಾವಾಗ ಶುರುವಾಯಿತೆಂದು ಸರಿಯಾಗಿ ಬಲ್ಲವರಿಲ್ಲ. ಮೆಟ್ಟಿಲ ಗೋಡೆಯ ಹಳೆಯ ಫೋಟೊಗಳಲ್ಲಿ ಸುಳ್ಳು ಮೀಸೆ ಅಂಟಿಸಿಕೊಂಡು ನಿಂತ ಹುಡುಗರಲ್ಲಿ ಕೆಲವರಿಗೆ ಈಗ ಮೊಮ್ಮಕ್ಕಳಿದ್ದಾರೆ. ಕಥೆ ಪ್ರತಿ ವರ್ಷ ಹೊಸದು, ಹಾಡೂ ಹೊಸದು. ಬದಲಾಗದೆ ಉಳಿದವಳು ಒಬ್ಬಳೇ, ದುಂಡತ್ತೆ.

ಕಥೆ ಕಡಲುಗಳ್ಳರದ್ದಾಗಲಿ, ಚಂದ್ರಲೋಕದ್ದಾಗಲಿ, ಎರಡನೆಯ ಅಂಕದಲ್ಲಿ ನಾಯಕನ ಸೋದರತ್ತೆಯಾಗಿ ದುಂಡತ್ತೆ ಬರಲೇಬೇಕು. ಯಾವನೋ ತೆಳ್ಳನೆಯ ಹುಡುಗ ಹತ್ತಿ ತುಂಬಿದ ಸುಳ್ಳು ಹೊಟ್ಟೆ ಕಟ್ಟಿಕೊಂಡು, ಹೂವಿನ ಗೌನು ತೊಟ್ಟು ಬರುತ್ತಾನೆ. ಅವನ ಹೆಜ್ಜೆಹೆಜ್ಜೆಗೂ ಡ್ರಮ್ಮಿನ ಪೆಟ್ಟು ಬೀಳುತ್ತದೆ, ಡ್ರಮ್ಮಿನ ಜೊತೆ ಇಡೀ ಸಭೆ ಕಾಲು ಬಡಿಯುತ್ತದೆ. ಅತ್ತೆ ವೇದಿಕೆಯ ನಡುವಿನ ಕುರ್ಚಿಯಲ್ಲಿ ಕೂತು, “ನಾನೂ ಒಂದು ಹಾಡು ಹೇಳ್ತೀನಿ” ಎಂದು ಎದೆ ತುಂಬ ಉಸಿರು ಎಳೆದುಕೊಳ್ಳುತ್ತಾಳೆ. ಅಷ್ಟರಲ್ಲಿ ಪರದೆಯ ಮರೆಯಲ್ಲಿದ್ದವನು ದಾರ ಎಳೆಯುತ್ತಾನೆ, ಕುರ್ಚಿಯ ಕೀಲು ಕಳಚಿ ಅತ್ತೆ ನೆಲಕ್ಕೆ. ದುಂಡತ್ತೆಯ ಹಾಡು ಏನೆಂದು ಇಷ್ಟು ವರ್ಷಗಳಲ್ಲಿ ಒಬ್ಬರೂ ಕೇಳಿಲ್ಲ. ಕೇಳಬೇಕೆಂದು ಯಾರಿಗೂ ಅನ್ನಿಸಿಯೂ ಇಲ್ಲ.

ಆ ಹೊಟ್ಟೆಗೊಂದು ಸಂಪ್ರದಾಯವಿತ್ತು. ಪಾತ್ರ ಮಾಡಿದವನು ಆಟ ಮುಗಿದ ಮೇಲೆ ಅದಕ್ಕೆ ಒಂದು ಹಿಡಿ ಹತ್ತಿ ಸೇರಿಸಿ ಮುಂದಿನವನಿಗೆ ಒಪ್ಪಿಸಬೇಕು. ಹಿಂದಿನ ವರ್ಷಕ್ಕಿಂತ ಮುಂದಿನ ವರ್ಷ ನಗು ದೊಡ್ಡದಾಗಬೇಕಲ್ಲ! ಟೈಲರಮ್ಮ ಹೊಲಿಗೆ ಬಿಚ್ಚಿ, ಹತ್ತಿ ತುರುಕಿ, ಮತ್ತೆ ಹೊಲಿಯುತ್ತಿದ್ದಳು. ಬಟ್ಟೆ ಸಾಲದಾದಾಗ ಪಟ್ಟಿ ಸೇರಿಸುತ್ತಿದ್ದಳು. ಹುಡುಗರು ಅವಳ ಕೋಣೆಯನ್ನು ‘ದುಂಡತ್ತೆಯ ತವರುಮನೆ’ ಎಂದು ಕರೆಯುತ್ತಿದ್ದರು. ಅವಳಿಗೆ ಅದರಲ್ಲಿ ಹೆಮ್ಮೆಯೇ ಇತ್ತು. ಎಲ್ಲ ಕೆಲಸ ಬಿಟ್ಟು ಪರದೆಯ ಮರೆಯಲ್ಲಿ ನಿಂತು, ಕುರ್ಚಿ ಮುರಿದಾಗ ಎಲ್ಲರಿಗಿಂತ ಮೊದಲು ನಗುತ್ತಿದ್ದವಳು ಅವಳೇ.

ಈ ವರ್ಷದ ದುಂಡತ್ತೆ ‘ಕಡ್ಡಿ’ ಎಂಬ ಅಡ್ಡಹೆಸರಿನ ಹುಡುಗ. ಅವನು ಅಳತೆ ಕೊಡಲು ಬಂದ ದಿನ ಜೊತೆಯಲ್ಲಿ ಆಟ ಕಟ್ಟಿಸುವ ಹಿರಿಯ ವಿದ್ಯಾರ್ಥಿಯೂ ಇದ್ದ. ಅವನನ್ನು ಎಲ್ಲರೂ ಸೂತ್ರಧಾರ ಎನ್ನುತ್ತಿದ್ದರು.

“ಟೈಲರಮ್ಮ, ನನ್ನ ಹೊಟ್ಟೆ ಎಲ್ಲಿ?” ಎಂದ ಕಡ್ಡಿ.

“ಅಗೋ, ಮೊಳೆಗೆ ನೇತು ಹಾಕಿದ್ದೀನಿ. ತಗೊಂಡು ಕಟ್ಕೊ. ಮೂರು ಹೊತ್ತು ತಿಂದ್ರೂ ಗಾಳಿಗೆ ಹಾರಿಹೋಗೋ ಹಾಗಿದ್ದೀಯ, ನಿನಗೆ ಎಂಥಾ ಯೋಗ ನೋಡು.”

ಸೂತ್ರಧಾರ ಮಾತ್ರ ಬಟ್ಟೆಯ ಗಂಟಿನ ಮೇಲೆ ಕೂತು ತಲೆ ಕೆರೆದುಕೊಳ್ಳುತ್ತಿದ್ದ. “ನಾಯಕಿದೇ ತಲೆನೋವಾಗಿದೆ ಟೈಲರಮ್ಮ. ಬೆಳಿಗ್ಗೆ ಒಬ್ಬಳು ಬಂದಿದ್ಲು, ಮೊದಲನೇ ವರ್ಷದವಳು. ಕಂಠ ಅಂದ್ರೆ ಕಂಠ. ಆದ್ರೆ ಉದ್ದನೆ ಸಾಲು ಬಂದಾಗ ಉಸಿರು ಸಾಲದೆ ನಿಂತುಬಿಟ್ಲು. ಅದೂ ಅಲ್ದೆ…” ಎಂದು ಎರಡೂ ಕೈಗಳಿಂದ ಗಾಳಿಯಲ್ಲಿ ದುಂಡಗೆ ತೋರಿಸಿದ. “ನಾಯಕಿ ಗೌನಿಗೆ ಅವಳ ಒಂದು ತೋಳು ಹೋದ್ರೆ ಹೆಚ್ಚು.”

“ಯಾರೋ ಅದು?” ಎಂದ ಕಡ್ಡಿ.

“ಹೆಸರು ಬರ್ಕೊಂಡಿದ್ದೀನಿ, ಮರೆತೆ. ಹಸಿರು ಅಂಗಿ, ದೊಡ್ಡ ದೊಡ್ಡ ಬಿಳಿ ಗುಂಡಿ.”

ಟೈಲರಮ್ಮನ ಕೈಯಲ್ಲಿದ್ದ ಕತ್ತರಿ ಅರ್ಧಕ್ಕೇ ನಿಂತಿತು. ಆ ಬಿಳಿ ಗುಂಡಿಗಳು ಅವಳ ಡಬ್ಬಿಯವು. ಬೆಳಿಗ್ಗೆ ಆ ಅಂಗಿ ತೊಟ್ಟು ಮನೆಯಿಂದ ಹೊರಟವಳು ಅವಳ ಮಗಳು. ನಾಯಕಿ ಪಾತ್ರಕ್ಕೆ ಹೋಗುತ್ತೇನೆಂದು ಅವಳು ಬಾಯಿ ಬಿಟ್ಟು ಹೇಳಿರಲಿಲ್ಲ. ಅಮ್ಮನ ಶಿಫಾರಸು ಅನ್ನಿಸಿಕೊಳ್ಳಬಾರದೆಂದು, ತಾನು ಟೈಲರಮ್ಮನ ಮಗಳೆಂದೇ ಅವಳು ಅಲ್ಲಿ ಯಾರಿಗೂ ಹೇಳಿಕೊಂಡಿರಲಿಲ್ಲ.

ಟೈಲರಮ್ಮನ ಮುಖ ಬಿಸಿಯಾಯಿತು. ಅವಳು ತನ್ನ ಮಗಳೆಂದು ಈ ಹುಡುಗರಿಗೆ ಇವತ್ತಲ್ಲ ನಾಳೆ ಗೊತ್ತಾಗುತ್ತದೆ, ಆಗ ನಗುತ್ತಾರೆ. ಬೇರೆಯವರು ನಗುವ ಮೊದಲು ತಾನೇ ನಕ್ಕುಬಿಟ್ಟರೆ ನೋವು ಕಡಿಮೆ ಎಂಬ ಬುದ್ಧಿ ಅವಳಿಗೆ ಎಲ್ಲಿಂದ ಬಂದಿತ್ತೋ ಏನೋ. ನಾಲಿಗೆಗೆ ಎಲುಬಿಲ್ಲ.

“ನಾಯಕಿ ಯಾಕಪ್ಪ ಮಾಡಿಸ್ತೀರ? ದುಂಡತ್ತೆ ಮಾಡಿಸಿ. ಈ ವರ್ಷ ಹತ್ತಿ ಉಳಿಯುತ್ತೆ” ಎಂದಳು.

ಕಡ್ಡಿ ಹೊಟ್ಟೆ ಕಟ್ಟಿಕೊಂಡೇ ಬಿದ್ದು ಬಿದ್ದು ನಕ್ಕ. ಸೂತ್ರಧಾರ ನಗಲಿಲ್ಲ. ಅವನ ಕಣ್ಣು ಅರಳಿದವು. “ಟೈಲರಮ್ಮ, ನೀವು ಈ ನೆಲಮಾಳಿಗೇಲಿ ಇರಬೇಕಾದವರೇ ಅಲ್ಲ!” ಎಂದವನೇ ಕಡ್ಡಿಯನ್ನು ಎಳೆದುಕೊಂಡು ಹೊರಟುಹೋದ. ಅವಳು ಬಾಗಿಲವರೆಗೆ ಓಡಿ, “ಏಯ್, ತಮಾಷೆಗೆ ಅಂದೆ ಕಣೋ” ಎಂದು ಕೂಗಿದಳು. ಮೆಟ್ಟಿಲಿನ ಮೇಲೆ ಆಗಲೇ ಯಾರೂ ಇರಲಿಲ್ಲ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.

ಸಂಜೆ ಊಟಕ್ಕೆ ಕೂತಾಗ ಮಗಳು ತಾನಾಗಿಯೇ ಸುದ್ದಿ ತೆಗೆದಳು.

“ಅಮ್ಮ, ನಗೆಯಾಟದಲ್ಲಿ ನನಗೆ ಪಾತ್ರ ಸಿಕ್ತು.”

“ಯಾವುದು ಪುಟ್ಟಿ?” ಎಂದದ್ದು ಅಪ್ಪ. ಅವನು ಗಡಿಯಾರ ರಿಪೇರಿಯವನು. ದಿನವಿಡೀ ಸಣ್ಣ ಸಣ್ಣ ಚಕ್ರಗಳನ್ನು ನೋಡಿ ನೋಡಿ, ಮಾತನ್ನೂ ಚಿಮಟದಲ್ಲಿ ಎತ್ತಿದಂತೆ ಮೆಲ್ಲಗೆ ಎತ್ತುತ್ತಿದ್ದ.

“ದುಂಡತ್ತೆ.”

ಟೈಲರಮ್ಮ ತಟ್ಟೆಯಿಂದ ತಲೆ ಎತ್ತಲಿಲ್ಲ.

“ಹೊಸ ಸಾಲು ಬೇರೆ ಬರೆದಿದ್ದಾರೆ” ಎಂದು ಮಗಳು ನಗುತ್ತಲೇ ಹಾಡಿ ತೋರಿಸಿದಳು. “‘ಹತ್ತಿ ಬೇಡ ಗಿತ್ತಿ ಬೇಡ, ಈ ವರ್ಷದತ್ತೆ ಅಸಲಿ ಮಾಲು!’ ನಾನು ನಡ್ಕೊಂಡು ಬರುವಾಗ ಎಲ್ಲರೂ ಸೇರಿ ಹಾಡ್ತಾರಂತೆ. ಯಾರೋ ಕೊಟ್ಟ ಐಡಿಯಾ ಅಂತೆ. ತುಂಬಾ ನಗ್ತಾ ಇದ್ರು.”

“ನೀನು ಹಾಡೋಕೆ ಅಂತ ಹೋಗಿದ್ದಲ್ವಾ?” ಎಂದ ಅಪ್ಪ.

“ಹಾಡು ನಾಯಕಿಗೆ ಅಪ್ಪ. ದುಂಡತ್ತೆಗೆ ಕುರ್ಚಿ.”

“ಅದಕ್ಕೆ ಒಪ್ಕೊಂಡ್ಯಾ?” ಎಂದು ಟೈಲರಮ್ಮ ಕೇಳಿದಳು.

“ಒಪ್ಕೊಂಡೆ. ನಕ್ಕರೆ ನಗಲಿ ಬಿಡಮ್ಮ. ಹೊಸದೇನಲ್ವಲ್ಲ.”

ಆಗಲೇ ಹೇಳಿಬಿಡಬಹುದಿತ್ತು. ಆ ಮಾತು ನನ್ನದು ಎಂಬ ಇಷ್ಟೇ ಇಷ್ಟು. ಅವಳು ನೀರು ಕುಡಿದಳು, ಇನ್ನೊಂದು ಲೋಟ ಕುಡಿದಳು, ಪಾತ್ರೆ ಎತ್ತಿಕೊಂಡು ಒಳಗೆ ಹೋದಳು. ಮಗಳು ಹಸಿರು ಅಂಗಿ ಕಳಚಿ ಒಗೆಯಲು ಹಾಕುವಾಗ ಅವಳ ಪಕ್ಕೆಯಲ್ಲಿ ಹೊಲಿಗೆಯ ಉದ್ದಕ್ಕೂ ಕೆಂಪು ಗೆರೆ ಎದ್ದಿತ್ತು. ಆ ಗೆರೆ ಟೈಲರಮ್ಮನಿಗೆ ಹೊಸದಲ್ಲ. ಮಗಳಿಗೆ ಹತ್ತು ಹನ್ನೊಂದು ವರ್ಷವಾದಾಗಿನಿಂದ ಅಳತೆ ತೆಗೆಯುವಾಗಲೆಲ್ಲ “ಉಸಿರು ಒಳಗೆ ಎಳ್ಕೊ” ಎನ್ನುತ್ತಿದ್ದಳು. ಹಾಗೆ ಎಳೆದುಕೊಂಡ ಅಳತೆಯಲ್ಲೂ ಒಂದು ಬೆರಳು ಕಡಿಮೆ ಇಟ್ಟು ಹೊಲಿಯುತ್ತಿದ್ದಳು. ಬಿಗಿಯಾದರೆ ಎರಡು ತುತ್ತು ಕಡಿಮೆ ತಿನ್ನುತ್ತಾಳೆ, ಮೈ ಇಳಿಯುತ್ತದೆ ಎಂಬ ಲೆಕ್ಕ. ಗಂಡ ಒಮ್ಮೆ, “ಅಂಗಿ ಮಗುಗೆ ಹೊಲೀಬೇಕು ಕಣೆ, ಮಗುನ ಅಂಗಿಗೆ ಹೊಲೀಬಾರದು” ಎಂದಿದ್ದ. “ಊರೆಲ್ಲ ಅನ್ನೋ ಬದಲು ನಾನೇ ಅಂದ್ರೆ ತಪ್ಪೇನು? ನಿಮಗೇನು ಗೊತ್ತು, ಹೆಣ್ಣುಮಗು” ಎಂದು ಅವನ ಬಾಯಿ ಮುಚ್ಚಿಸಿದ್ದಳು.

ಮರುವಾರ ಮಗಳು ಬಿಡುವಿನ ಹೊತ್ತಿನಲ್ಲಿ ಗೌನು ತೊಟ್ಟು ನೋಡಲು ಬಂದಳು. ಕೋಣೆಯಲ್ಲಿ ಇಬ್ಬರೇ. ಟೈಲರಮ್ಮ ಬಾಗಿಲು ಹಾಕಿ, ಹೂವಿನ ಗೌನನ್ನು ಹೊಟ್ಟೆಯಿಲ್ಲದೆ ತೊಡಿಸಿದಳು. ಗೌನು ಮಗಳ ಮೇಲೆ ಡೇರೆಯಂತೆ ಜೋತುಬಿತ್ತು. ಎರಡೂ ಕಡೆ ಬೊಗಸೆಗಟ್ಟಲೆ ಬಟ್ಟೆ ಮಿಕ್ಕಿತು.

“ಅಯ್ಯೋ, ಇದು ನನಗೇ ದೊಡ್ಡದು ನೋಡಮ್ಮ!” ಎಂದು ಮಗಳು ಒಂದು ಸುತ್ತು ತಿರುಗಿದಳು. ನಿಜವಾದ ಖುಷಿ ಅವಳ ಮುಖದಲ್ಲಿ. “ಒಳಗಡೆ ಇನ್ನೊಬ್ಬಳು ಹಿಡೀತಾಳೆ. ಸೂತ್ರಧಾರ ಹೇಳಿ ಕಳಿಸಿದ್ದಾನೆ, ಅಸಲಿ ಸಾಲದಂತೆ, ಹೊಟ್ಟೆನೂ ಕಟ್ಟಬೇಕಂತೆ.”

ಟೈಲರಮ್ಮ ಎರಡು ಹೆಜ್ಜೆ ಹಿಂದೆ ಸರಿದು ನೋಡಿದಳು. ಕನ್ನಡಿಯ ಮುಂದೆ ನಿಂತವಳು ತುಂಬು ಕೆನ್ನೆಯ, ದಪ್ಪ ತೋಳಿನ, ನಗುವಾಗ ಚೆಂದ ಕಾಣುವ ಒಬ್ಬ ಹುಡುಗಿ. ಇವಳು ಇಷ್ಟೇನಾ? ತನ್ನ ಮನಸ್ಸಿನಲ್ಲಿದ್ದ ಮಗಳು ಆ ಗೌನಿನಲ್ಲಿ ಹಿಡಿಸಲಾರದಷ್ಟು ದೊಡ್ಡವಳಾಗಿದ್ದಳಲ್ಲ! ಹುಡುಗರು ವರ್ಷಕ್ಕೊಂದು ಹಿಡಿ ಹತ್ತಿ ತುಂಬಿದ್ದರೆ, ತಾನು ದಿನಕ್ಕೊಂದು ಹಿಡಿ ತುಂಬಿದ್ದೆ ಅನ್ನಿಸಿತು. ಆದರೂ ಆ ದಿನವೂ ಹೇಳಲಾಗಲಿಲ್ಲ. ಕಡ್ಡಿ ಹಿಂತಿರುಗಿಸಿದ್ದ ಹೊಟ್ಟೆಯನ್ನು ಮೊಳೆಯಿಂದ ಇಳಿಸಿ, ಮಗಳ ಸೊಂಟಕ್ಕೆ ತನ್ನ ಕೈಯಾರೆ ಕಟ್ಟಿದಳು.

ತಾಲೀಮು ಶುರುವಾಯಿತು. ಮೇಲೆ ಡ್ರಮ್ಮು ಬಾರಿಸಿದಾಗ ಕೆಳಗೆ ಕೋಣೆಯ ಬಲ್ಬು ಅಲುಗುತ್ತಿತ್ತು. ತಡೆಯಲಾರದೆ ಒಂದು ದಿನ ಟೈಲರಮ್ಮ ಮೆಟ್ಟಿಲು ಹತ್ತಿ, ಪ್ರತಿ ವರ್ಷ ನಿಲ್ಲುವ ಜಾಗದಲ್ಲೇ, ಪರದೆಯ ಮರೆಯಲ್ಲಿ ನಿಂತಳು. ಅವಳು ಆಡಿದ ಮಾತನ್ನು ಹತ್ತಾರು ಹುಡುಗ ಹುಡುಗಿಯರು ರಾಗವಾಗಿ ಹಾಡುತ್ತಿದ್ದರು. ಮಗಳು ಹೆಜ್ಜೆ ಎತ್ತಿಟ್ಟು ಬಂದಳು, ಕೂತಳು, ಉಸಿರೆಳೆದಳು, ಬಿದ್ದಳು. ಚಪ್ಪಾಳೆ. “ಇನ್ನೂ ಸ್ವಲ್ಪ ಕಾಲು ಮೇಲಕ್ಕೆ ಹೋಗಲಿ, ಮತ್ತೊಂದ್ಸಲ” ಎಂದು ಸೂತ್ರಧಾರ ಕೂಗಿದ. ಮತ್ತೆ ಬಿದ್ದಳು. ಮೊಣಕೈ ಉಜ್ಜಿಕೊಂಡು ಎದ್ದು, ಎಲ್ಲರ ಜೊತೆ ತಾನೂ ನಕ್ಕಳು. ಆ ನಗು ಟೈಲರಮ್ಮನಿಗೆ ಚೆನ್ನಾಗಿ ಗೊತ್ತಿತ್ತು. ಬೇರೆಯವರು ನಗುವ ಮೊದಲು ನಗುವ ನಗು ಅದು; ಮಗಳಿಗೆ ಅದನ್ನು ಕಲಿಸಿದವಳು ಅವಳೇ.

ಮಧ್ಯಾಹ್ನ ಎಲ್ಲರೂ ಊಟಕ್ಕೆ ಹೋದರು. ಮಗಳು ಕೆಳಗೆ ಬರಲಿಲ್ಲವೆಂದು ಟೈಲರಮ್ಮ ಊಟದ ಡಬ್ಬಿ ಹಿಡಿದು ಮತ್ತೆ ಹತ್ತಿದಳು. ಅರ್ಧ ಮೆಟ್ಟಿಲಲ್ಲಿ ಹಾಡು ಕೇಳಿಸಿತು.

ಖಾಲಿ ಸಭಾಂಗಣದಲ್ಲಿ ಮಗಳು ಒಬ್ಬಳೇ ನಿಂತು ನಾಯಕಿಯ ಹಾಡು ಹಾಡುತ್ತಿದ್ದಳು. ಮೈಮೇಲೆ ಅಪ್ಪನ ಹಳೆಯ ಶರ್ಟು. ಉಸಿರು ಸಾಲದೆ ನಿಂತುಹೋಗಿತ್ತಂತಲ್ಲ, ಆ ಉದ್ದನೆಯ ಸಾಲು ಬಂತು. ಟೈಲರಮ್ಮ ತನಗೆ ಗೊತ್ತಿಲ್ಲದೆ ಉಸಿರು ಬಿಗಿ ಹಿಡಿದಳು. ಸಾಲು ಏರಿತು, ಮೇಲೆ ಹೋಗಿ ನಿಂತಿತು, ನಿಧಾನವಾಗಿ ಇಳಿದು ಮುಗಿಯಿತು. ಎಲ್ಲಿಯೂ ಕಡಿಯಲಿಲ್ಲ. ಮುಗಿದ ಮೇಲೂ ಮಗಳ ಎದೆಯಲ್ಲಿ ಇನ್ನಷ್ಟು ಉಸಿರು ಉಳಿದಿತ್ತು.

ಕುರ್ಚಿಯ ಬೆನ್ನಿನ ಮೇಲೆ ಹಸಿರು ಅಂಗಿ ನೇತಾಡುತ್ತಿತ್ತು. ಟೈಲರಮ್ಮ ಅದನ್ನು ಎತ್ತಿಕೊಂಡಳು. ಪಕ್ಕೆಯ ಹೊಲಿಗೆ ಎಳೆದೂ ಎಳೆದೂ ದಾರ ಹಲ್ಲು ಕಿರಿದಿತ್ತು. ಅಲ್ಲಿ ಅವಳು ಕದ್ದಿಟ್ಟ ಒಂದು ಬೆರಳು ಬಟ್ಟೆ ಒಳಗಡೆ ಹಾಗೆಯೇ ಮಡಚಿಕೊಂಡಿತ್ತು. ಕಂಠವಿದೆ, ಉಸಿರಿಲ್ಲ ಎಂದಿದ್ದ ಸೂತ್ರಧಾರ. ಉಸಿರು ಎಲ್ಲಿ ಹೋಗಿತ್ತೆಂದು ಅವಳಿಗೆ ಈಗ ಗೊತ್ತಾಯಿತು. ಅವಳು ಅಂಗಿ ಹಿಡಿದುಕೊಂಡೇ ವೇದಿಕೆಯ ಅಂಚಿನಲ್ಲಿ ಕೂತುಬಿಟ್ಟಳು.

“ಅಮ್ಮ? ಏನಾಯ್ತು?” ಮಗಳು ಓಡಿ ಬಂದಳು.

“ಆ ಹತ್ತಿ ಮಾತು ನಂದು ಕಣೆ” ಎಂದಳು ಟೈಲರಮ್ಮ. “ಅವರಿಗೆ ಹೇಳಿಕೊಟ್ಟವಳು ನಾನೇ. ಹಸಿರು ಅಂಗಿ ಅಂದಾಗಲೇ ನೀನು ಅಂತ ಗೊತ್ತಾಗಿತ್ತು. ಗೊತ್ತಿದ್ದೂ ಅಂದೆ.”

ಮಗಳು ಪಕ್ಕದಲ್ಲಿ ಕೂತು, ಡಬ್ಬಿಯ ಮುಚ್ಚಳ ತೆಗೆದಳು, ಮತ್ತೆ ಮುಚ್ಚಿದಳು.

“ಗೊತ್ತಿತ್ತಮ್ಮ.”

“ಯಾರು ಹೇಳಿದ್ರು?”

“ಯಾರೂ ಹೇಳ್ಲಿಲ್ಲ. ಆ ಮಾತು ಕೇಳಿದ ತಕ್ಷಣ ನಿಂದೇ ಅನ್ನಿಸ್ತು. ಮನೇಲಿ ದಿನಾ ಕೇಳ್ತೀನಲ್ಲ, ಗುರುತು ಸಿಗಲ್ವಾ?”

ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ಅವಳು ಹೇಳಿದ ರೀತಿಯಲ್ಲಿ ಸಿಟ್ಟೇ ಇರಲಿಲ್ಲ.

“ಮತ್ತೆ ಯಾಕೆ ಒಪ್ಕೊಂಡೆ? ಹೋಗ್ರೋ ಅಂತ ಬಂದುಬಿಡೋದಲ್ವಾ?”

“ನೀನು ಸಡಿಲವಾಗಿ ಹೊಲಿದಿರೋದು ಅದೊಂದೇ ಗೌನಲ್ವಾ ಅಮ್ಮ” ಎಂದಳು ಮಗಳು. “ಅದರಲ್ಲಿ ಆದ್ರೂ ಆರಾಮಾಗಿ ಕೂರಬಹುದು ಅಂದ್ಕೊಂಡೆ.”

ಟೈಲರಮ್ಮ ಹಸಿರು ಅಂಗಿಯಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ಮಗಳು ಬೆನ್ನು ಸವರಿದಳು. ಸಮಾಧಾನ ಮಾಡಬೇಕಾದವಳು ತಾನು, ಮಾಡುತ್ತಿರುವವಳು ಇವಳು ಎಂಬುದು ಅವಳಿಗೆ ಇನ್ನಷ್ಟು ನಾಚಿಕೆ ತಂದಿತು.

ಊಟ ಮುಗಿಸಿ ಬಂದ ಸೂತ್ರಧಾರನನ್ನು ಅವಳು ಕೋಣೆಗೆ ಕರೆಸಿಕೊಂಡಳು. ಮಗಳೂ ಜೊತೆಗಿದ್ದಳು.

“ಆ ಸಾಲು ತೆಗೆದುಬಿಡಪ್ಪ” ಎಂದಳು.

“ಅಯ್ಯೋ, ನೀವೇ ಕೊಟ್ಟ ಸಾಲು ಟೈಲರಮ್ಮ! ತಾಲೀಮಲ್ಲಿ ಅದಕ್ಕೇ ಎಲ್ಲಕ್ಕಿಂತ ಜಾಸ್ತಿ ನಗು ಬರ್ತಿರೋದು.”

“ಇವಳು ನನ್ನ ಮಗಳು.”

ಹುಡುಗ ಇಬ್ಬರ ಮುಖವನ್ನೂ ನೋಡಿದ. ಅವನ ಕಿವಿ ಕೆಂಪಾದವು. ಕೆಟ್ಟ ಹುಡುಗನಲ್ಲ, ಹಾಸ್ಟೆಲಿನಲ್ಲಿ ಯಾರಿಗಾದರೂ ಜ್ವರ ಬಂದರೆ ಪಕ್ಕದಲ್ಲಿ ಕೂರುವವನು ಅವನೇ. “ಮೊದಲೇ ಹೇಳೋದಲ್ವಾ?” ಎಂದ. “ನಿಮ್ಮ ಮಗಳು ಅಂತ ಗೊತ್ತಿದ್ದಿದ್ರೆ ನಾವು ನಗ್ತಿರಲಿಲ್ಲ.”

“ಬೇರೆಯವರ ಮಗಳಾಗಿದ್ರೆ ನಗಬಹುದಿತ್ತಾ? ನಾನೂ ಇಷ್ಟು ವರ್ಷ ಹಾಗೇ ಅಂದ್ಕೊಂಡು ನಕ್ಕಿದ್ದೀನಪ್ಪ. ನಿನ್ನನ್ನ ಅನ್ನೋಕೆ ನನಗೆ ಮುಖ ಇಲ್ಲ.”

“ಆದ್ರೆ ದುಂಡತ್ತೆ ಇಲ್ದೆ ನಗೆಯಾಟ ಇಲ್ಲ ಟೈಲರಮ್ಮ” ಎಂದ ಅವನು, ಈ ಸಲ ಮೆಲ್ಲಗೆ. “ಹಳಬರು ಎಲ್ಲೆಲ್ಲಿಂದಲೋ ಬರೋದು ಆ ಕುರ್ಚಿ ಮುರಿಯೋದನ್ನ ನೋಡೋಕೆ. ಯಾರಿಗೂ ನೋವು ಮಾಡಬೇಕು ಅಂತಲ್ಲ, ಒಂದು ತಮಾಷೆ. ನನ್ನ ವರ್ಷದಲ್ಲೇ ಅದನ್ನ ನಿಲ್ಲಿಸಿದೆ ಅಂದ್ರೆ ನನ್ನ ಸುಮ್ನೆ ಬಿಡ್ತಾರಾ?”

ಬೆಕ್ಕಿಗೆ ಆಟ, ಇಲಿಗೆ ಪ್ರಾಣಸಂಕಟ ಎಂದು ಹೇಳಬಹುದಿತ್ತು. ಹೇಳಲು ಅವಳಿಗೆ ಬಾಯಿ ಬರಲಿಲ್ಲ, ಇಷ್ಟು ವರ್ಷ ತಾನು ಬೆಕ್ಕಿನ ಕಡೆಯವಳೇ. ಆಗ ಮಗಳು ಬಾಯಿಬಿಟ್ಟಳು.

“ದುಂಡತ್ತೆ ಇರಲಿ. ನಾನೇ ಮಾಡ್ತೀನಿ. ಆದ್ರೆ ಇಷ್ಟು ವರ್ಷದಿಂದ ಹಾಡು ಹೇಳ್ತೀನಿ ಹೇಳ್ತೀನಿ ಅಂತಿದ್ದಾಳಲ್ಲ ಪಾಪ, ಒಂದು ಸಲ ಹೇಳಲಿ. ಗಟ್ಟಿ ಕುರ್ಚಿ ಕೊಡಿ.”

“ಜನ ನಗದೇ ಇದ್ರೆ?”

“ನಗದೇ ಇದ್ರೆ ನಾನೇ ಬೀಳ್ತೀನಿ. ಬೀಳೋದು ಚೆನ್ನಾಗಿ ಅಭ್ಯಾಸ ಆಗಿದೆ.”

ಸೂತ್ರಧಾರನಿಗೆ ನಗು ಬಂತು. ಅವನು ಒಪ್ಪಿದೆ ಎನ್ನಲಿಲ್ಲ, “ಹಾಡು ಬರೆದು ನೋಡ್ತೀನಿ” ಎಂದು ಎದ್ದುಹೋದ. ಬಾಗಿಲ ಬಳಿ ತಿರುಗಿ, “ಸಾರಿ” ಎಂದ. ಯಾರಿಗೆ ಅಂದನೋ, ಇಬ್ಬರೂ ಕೇಳಿಸಿಕೊಂಡರು.

ಅವನು ಹೋದ ಮೇಲೆ ಟೈಲರಮ್ಮ ಹೊಟ್ಟೆಯನ್ನು ಮೇಜಿನ ಮೇಲೆ ಮಲಗಿಸಿ ಹೊಲಿಗೆ ಬಿಚ್ಚಿದಳು. ಮೇಲಿನ ಹತ್ತಿ ಬೆಳ್ಳಗಿತ್ತು. ಒಳಗೆ ಹೋದಂತೆ ಹಳದಿ, ಇನ್ನೂ ಒಳಗೆ ಗಟ್ಟಿಯಾಗಿ ಮಣ್ಣಿನ ಬಣ್ಣ. ದಿಂಬಿನಿಂದ ಕಿತ್ತದ್ದು, ಔಷಧಿ ಅಂಗಡಿಯಿಂದ ತಂದದ್ದು, ಕೆಂಪು ದಾರ ಸಿಕ್ಕಿಕೊಂಡದ್ದು. ಒಂದೊಂದು ಹಿಡಿಯನ್ನೂ ಯಾರೋ ಒಬ್ಬ ನಗುತ್ತ ತಂದುಕೊಟ್ಟಿದ್ದ, ಅವಳು ನಗುತ್ತ ತುಂಬಿದ್ದಳು. ಇಷ್ಟು ವರ್ಷಗಳ ಸಭೆಯಲ್ಲಿ ಕೂತು, ಕುರ್ಚಿ ಮುರಿದಾಗ ಎಲ್ಲರ ಜೊತೆ ನಗಲೇಬೇಕಾಗಿ ಬಂದ ಹುಡುಗಿಯರು ಎಷ್ಟು ಜನರಿದ್ದರೋ. ಅವರಲ್ಲಿ ಒಬ್ಬರ ಮುಖವೂ ಅವಳಿಗೆ ನೆನಪಿಗೆ ಬರಲಿಲ್ಲ. ಅವಳು ಆಗ ನೋಡುತ್ತಿದ್ದದ್ದು ಕುರ್ಚಿಯನ್ನು.

ಆಟದ ದಿನ ಸಭಾಂಗಣ ಕಿಕ್ಕಿರಿದಿತ್ತು. ಎರಡನೆಯ ಅಂಕದಲ್ಲಿ ಡ್ರಮ್ಮಿನ ಪೆಟ್ಟು ಬಿದ್ದ ಕೂಡಲೇ ಜನ ಕಾಲು ಬಡಿಯತೊಡಗಿದರು. ಹೂವಿನ ಗೌನು ತೊಟ್ಟ ಮಗಳು, ಹೊಟ್ಟೆಯಿಲ್ಲದೆ, ಹತ್ತಿಯಿಲ್ಲದೆ, ತನ್ನಷ್ಟಕ್ಕೆ ತಾನು ನಡೆದು ಬಂದಳು. ಟೈಲರಮ್ಮ ಪರದೆಯ ಮರೆಯಲ್ಲಿ ದಾರ ಪೋಣಿಸಿದ ಸೂಜಿ ಹಿಡಿದು ನಿಂತಿದ್ದಳು. ಎಲ್ಲಿಯಾದರೂ ಹೊಲಿಗೆ ಬಿಟ್ಟುಕೊಂಡರೆ ಎಂಬ ಹಳೆಯ ಭಯ.

ಮಗಳು ಕೂತಳು. “ನಾನೂ ಒಂದು ಹಾಡು ಹೇಳ್ತೀನಿ” ಎಂದಳು. ಎದೆ ತುಂಬ ಉಸಿರು ಎಳೆದುಕೊಂಡಳು. ಸಭೆ ಆಗಲೇ ನಗಲು ಬಾಯಿ ತೆರೆದಿತ್ತು.

ಕುರ್ಚಿ ಮುರಿಯಲಿಲ್ಲ.

“ಯಾಕ್ರಯ್ಯಾ, ದಾರ ಎಳೆಯೋನು ಮಲಗಿಬಿಟ್ನಾ?” ಎಂದು ಮುಂದಿನ ಸಾಲಿನ ಹಳಬನೊಬ್ಬ ಕೂಗಿದ. ನಗು ಎದ್ದಿತು. ಟೈಲರಮ್ಮನ ಸೂಜಿ ಬೆರಳಿಗೆ ಚುಚ್ಚಿತು. ಮಗಳು ಆ ಹಳಬನ ಕಡೆಗೇ ತಿರುಗಿ, ನಗುತ್ತ, ಹಾಡು ಎತ್ತಿಕೊಂಡಳು:

“ಕೂರೋಕೆ ಕುರ್ಚಿ ಕೊಟ್ಟವರೇ, ಕೇಳೋಕೆ ಕಿವಿಯ ಕೊಡಿರಪ್ಪ…”

ಮತ್ತೆ ನಕ್ಕರು, ಆದರೆ ಇದು ಬೇರೆ ನಗು. ಅತ್ತೆ ಹಾಡಿನಲ್ಲಿ ತನ್ನ ಸೋಮಾರಿ ಸೋದರಳಿಯನ ಮಾನ ಹರಾಜು ಹಾಕಿದಳು, ಒಂದೊಂದು ಸಾಲಿಗೂ ಸಭೆ ಚಪ್ಪಾಳೆ ಹೊಡೆಯಿತು. ಕೊನೆಯ ಸಾಲನ್ನು ಸೂತ್ರಧಾರ ಬೇಕೆಂದೇ ಉದ್ದ ಬರೆದಿದ್ದ. ಅದು ಏರುತ್ತ ಹೋದಂತೆ ಕಾಲು ಬಡಿಯುವುದು ನಿಂತಿತು, ಕೆಮ್ಮು ನಿಂತಿತು. ಡ್ರಮ್ಮಿನವನೂ ಕೋಲು ಎತ್ತಿ ಹಿಡಿದು ಹಾಗೇ ಕೂತ. ಹಾಡು ಮುಗಿದಾಗ ಮೊದಲು ಚಪ್ಪಾಳೆ ಹೊಡೆದವನು ಕಡ್ಡಿ.

ಎಲ್ಲರಿಗೂ ರುಚಿಸಿತೆಂದು ಹೇಳಿದರೆ ಸುಳ್ಳಾಗುತ್ತದೆ. “ಈ ವರ್ಷ ಆಟದಲ್ಲಿ ಮಜಾನೇ ಇರಲಿಲ್ಲ, ಕುರ್ಚಿನೇ ಮುರೀಲಿಲ್ಲ” ಎಂದು ಗೊಣಗುತ್ತ ಹೋದವರೂ ಇದ್ದರು. ಕಿಟಕಿಯಲ್ಲಿ ಅವರ ಬೂಟುಗಳನ್ನು ನೋಡುತ್ತ ಟೈಲರಮ್ಮ ಸುಮ್ಮನೆ ಗೌನು ಮಡಚಿಟ್ಟಳು. ಹೋದ ವರ್ಷವಾಗಿದ್ದರೆ ತಾನೂ ಹಾಗೇ ಗೊಣಗುತ್ತಿದ್ದೆ ಎಂದು ಅವಳಿಗೆ ಗೊತ್ತಿತ್ತು.

ಭಾನುವಾರ ಮನೆಯಲ್ಲಿ ಅವಳು ಹೊಸ ಬಟ್ಟೆ ಹರವಿಕೊಂಡು ಮಗಳನ್ನು ಕರೆದಳು. ಮಗಳು ಬಂದು ಎದುರಿಗೆ ನಿಂತು ಕೈ ಎತ್ತಿದಳು. ಟೇಪು ಮೈಗೆ ತಗಲಿದ್ದೇ ತಡ, ಯಾರೂ ಹೇಳದೆ ಅವಳ ಹೊಟ್ಟೆ ಒಳಗೆ ಹೋಯಿತು, ಉಸಿರು ನಿಂತಿತು. ಇಡೀ ಸಭೆಯ ಮುಂದೆ ಎದೆ ಬಿಚ್ಚಿ ಹಾಡಿದವಳು ಅಮ್ಮನ ಟೇಪಿನ ಮುಂದೆ ಮತ್ತೆ ಹನ್ನೊಂದು ವರ್ಷದವಳಾಗಿ ನಿಂತಿದ್ದಳು. ಇದು ಹೊಲಿಗೆಯಾಗಿದ್ದರೆ ಬಿಚ್ಚಬಹುದಿತ್ತು.

“ಉಸಿರು ಬಿಡು ಪುಟ್ಟಿ” ಎಂದಳು ಟೈಲರಮ್ಮ.

“ಬಿಟ್ರೆ ಅಳತೆ ಜಾಸ್ತಿ ಬರುತ್ತಮ್ಮ.”

“ಬರಲಿ.”

ಮಗಳು ಅಮ್ಮನ ಮುಖ ನೋಡಿದಳು, ನಂಬಲೋ ಬೇಡವೋ ಎನ್ನುವಂತೆ. ಒಳಕೋಣೆಯಲ್ಲಿ ಗಡಿಯಾರ ಬಿಚ್ಚಿಕೊಂಡು ಕೂತಿದ್ದ ಅಪ್ಪ ಕೈಕೆಲಸ ನಿಲ್ಲಿಸಿದ್ದ. ಟೈಲರಮ್ಮ ಅವಸರ ಮಾಡಲಿಲ್ಲ, ಟೇಪನ್ನು ಸಡಿಲವಾಗಿ ಹಿಡಿದು ಕಾದಳು. ನಿಧಾನವಾಗಿ ಮಗಳ ಭುಜ ಇಳಿಯಿತು, ಹೊಟ್ಟೆ ಸಡಿಲವಾಯಿತು.

“ಈಗ, ಹಾಡೋಕೆ ಮುಂಚೆ ಎಳ್ಕೊಳ್ತೀಯಲ್ಲ, ಹಾಗೆ ತುಂಬ್ಕೊ.”

ಮಗಳು ಎದೆ ತುಂಬ ಉಸಿರು ತುಂಬಿಕೊಂಡಳು. ಟೇಪು ಟೈಲರಮ್ಮನ ಬೆರಳುಗಳ ನಡುವೆ ಜಾರುತ್ತ ಜಾರುತ್ತ ಹೋಯಿತು. ಅದು ನಿಂತ ಕಡೆ ಅವಳು ಗುರುತು ಹಾಕಿಕೊಂಡಳು. ಆಮೇಲೆ ಬಟ್ಟೆಯ ಮೇಲೆ ಸೀಮೆಸುಣ್ಣದ ಗೆರೆ ಎಳೆಯುವಾಗ, ಹಾಡಿಗೆ ಬೇಕಾಗುತ್ತದೆಂದು, ಇನ್ನೂ ಒಂದು ಬೆರಳು ಹೆಚ್ಚಿಗೆ ಬಿಟ್ಟಳು.